ವಿರಳ ಆನುವಂಶಿಕ ರಕ್ಷಾವೈಕಲ್ಯಗಳು ಮತ್ತು ಆಸ್ಪತ್ರೆಗಳ ಸಹಕಾರ: ಒಂದು ಚಾರಿತ್ರಿಕ ವಿವೇಚನೆ

೧

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯತಕ್ಕವರು ಸಾಮಾನ್ಯವಾಗಿ ಅನುಸರಿಸಿಕೊಂಡು ಬಂದಿರುವ ಪದ್ಧತಿ ವ್ಯಕ್ತಿಪ್ರಧಾನವಾದದ್ದು. ಸಿಡುಬಿನ ಲಸಿಕೆಯೆಂದರೆ ಜೆನ್ನರ್, ಕ್ಷಯದ ರೋಗಾಣುವೆಂದರೆ ಕಾಕ್, ಮಲೇರಿಯದ ಸೊಳ್ಳೆಯೆಂದರೆ ರಾಸ್ ಎಂದು ಒಂದೊಂದು ಆವಿಷ್ಕಾರಕ್ಕೆ ಒಂದೊಂದು ಹೆಸರನ್ನು ಕಟ್ಟಿ ನಾವು ತೃಪ್ತರಾಗುತ್ತೇವೆ. ಸಾವಿರಾರು ಜನರನ್ನು ಒಮ್ಮೆಗೇ ಹಿಡಿಯುವ ವ್ಯಾಧಿಗಳ ವಿಷಯದಲ್ಲಿ ಈ ಪದ್ಧತಿ ಹೇಗೋ ಸಾಗುತ್ತದೆ. ಅಲ್ಲಿ ರೋಗಿಗಳಿಗೆ ಕೊರತೆಯಿಲ್ಲ. ಕುಶಲನಾದ ಒಬ್ಬ ವೈದ್ಯನು ಒಂದೇ ಆಸ್ಪತ್ರೆಯ ವಾರ್ಡಿನಲ್ಲಿದ್ದುಕೊಂಡು ನೂರು ಜನರನ್ನು ನೋಡಿ, ಹೋಲಿಸಿ, ಒಂದು ನಿರ್ಣಯಕ್ಕೆ ಬರಬಹುದು. ಆದರೆ ಹತ್ತಾರು ಸಾವಿರ ಜನನಗಳಿಗೆ ಒಂದರಂತೆ ಕಾಣಿಸಿಕೊಳ್ಳುವ ರೋಗಗಳಿಗೆ ಇದೇ ಅಳತೆಗೋಲನ್ನು ಹಿಡಿದರೆ ಚರಿತ್ರೆಯ ಮುಖ್ಯಾಂಶವೇ ಕೈತಪ್ಪಿಹೋಗುತ್ತದೆ. ಅಂಥ ರೋಗಗಳ ಜ್ಞಾನವು ಆಸ್ಪತ್ರೆಗಳ ನಡುವೆ ಓಡಾಡಿದ ಪತ್ರಗಳು, ರಕ್ತದ ಮಾದರಿಗಳು ಮತ್ತು ರೋಗಿಗಳ ಪಟ್ಟಿಗಳಿಂದ ರೂಪುಗೊಂಡಿತೆಂಬುದನ್ನು, ಮತ್ತು ಈ ಸಂಗತಿ ನಮ್ಮ ನಾಡಿಗೂ ಸಂಬಂಧಿಸಿದ್ದೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ನಾವು ಉದಾಹರಣೆಗಾಗಿ ಆರಿಸಿಕೊಂಡಿರುವುದು ಶರೀರದ ರೋಗನಿರೋಧಕ ಶಕ್ತಿಯ ಹುಟ್ಟುವೈಕಲ್ಯಗಳನ್ನು. ಇವನ್ನು ಸಂಕ್ಷೇಪವಾಗಿ ರಕ್ಷಾವೈಕಲ್ಯಗಳೆಂದು ಕರೆಯೋಣ. ೧೯೮೧ರಲ್ಲಿ ಮೊದಲು ವರ್ಣಿತವಾದ ಏಡ್ಸ್ ರೋಗದಂತೆ ಇವು ಹೊರಗಿನಿಂದ ಅಂಟಿಕೊಳ್ಳುವುವಲ್ಲ. ತಂದೆತಾಯಿಗಳ ಬೀಜದಲ್ಲಿ ಅಡಗಿದ ದೋಷದಿಂದ, ಅಥವಾ ಮಗುವಿನಲ್ಲೇ ಹೊಸದಾಗಿ ಉಂಟಾದ ದೋಷದಿಂದ ಬರತಕ್ಕವು. ಕೆಲವರಲ್ಲಿ ರೋಗಾಣುಗಳನ್ನು ತಡೆಯುವ ಪ್ರತಿಕಾಯಗಳು ಉತ್ಪತ್ತಿಯಾಗುವುದಿಲ್ಲ. ಕೆಲವರಲ್ಲಿ ರೋಗಾಣುಗಳನ್ನು ನುಂಗಿದ ಬಿಳಿಯ ರಕ್ತಕಣಗಳಿಗೆ ಅವನ್ನು ಕೊಲ್ಲುವ ಸಾಮರ್ಥ್ಯವಿರುವುದಿಲ್ಲ. ಅತ್ಯಂತ ಘೋರವಾದ ತೀವ್ರ ಸಂಯುಕ್ತ ರಕ್ಷಾವೈಕಲ್ಯದಲ್ಲಿ ಲಿಂಫೋಸೈಟುಗಳೆಂಬ ರಕ್ಷಕ ಕಣಗಳ ವ್ಯವಸ್ಥೆಯೇ ಕುಸಿದಿದ್ದು, ಚಿಕಿತ್ಸೆ ದೊರೆಯದ ಶಿಶು ಸಾಮಾನ್ಯವಾಗಿ ಎರಡು ವರ್ಷ ತುಂಬುವುದರೊಳಗೆ ಮೃತವಾಗುತ್ತದೆ.

ಈ ಕೊನೆಯ ರೋಗದ ವಿರಳತೆಯನ್ನು ಕುರಿತು ನಮಗೆ ನಂಬಲರ್ಹವಾದ ಲೆಕ್ಕವಿದೆ. ಅಮೆರಿಕದ ಹನ್ನೊಂದು ಶಿಶುಪರೀಕ್ಷಾ ಯೋಜನೆಗಳು ಒಟ್ಟುಗೂಡಿ ಮೂವತ್ತು ಲಕ್ಷಕ್ಕೂ ಮಿಕ್ಕಿದ ನವಜಾತ ಶಿಶುಗಳನ್ನು ಪರೀಕ್ಷಿಸಿ ೨೦೧೪ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವರಲ್ಲಿ ಈ ರೋಗವಿದ್ದವರು ೫೨ ಮಂದಿ. ಅಂದರೆ ಸುಮಾರು ೫೮,೦೦೦ ಜನನಗಳಿಗೆ ಒಬ್ಬರು. ವರ್ಷಕ್ಕೆ ೫,೦೦೦ ಹೆರಿಗೆಗಳಾಗುವ ದೊಡ್ಡದೊಂದು ಆಸ್ಪತ್ರೆಯನ್ನು ಕಲ್ಪಿಸಿಕೊಳ್ಳೋಣ. ಈ ಲೆಕ್ಕದಲ್ಲಿ ಅಲ್ಲಿ ಇಂಥ ಒಂದು ಮಗು ಹುಟ್ಟುವುದು ಹನ್ನೊಂದು ಹನ್ನೆರಡು ವರ್ಷಗಳಿಗೊಮ್ಮೆ. ಮೂವತ್ತು ವರ್ಷ ಸೇವೆ ಸಲ್ಲಿಸಿದ ವೈದ್ಯನ ಪಾಲಿಗೆ ಅಂಥ ಶಿಶುಗಳು ಎರಡು, ಹೆಚ್ಚೆಂದರೆ ಮೂರು. ಮೊದಲನೆಯದು ನ್ಯುಮೋನಿಯದಿಂದಲೂ ಎರಡನೆಯದು ಅತಿಸಾರದಿಂದಲೂ ತೀರಿಕೊಂಡರೆ, ಅವೆರಡಕ್ಕೂ ಸಂಬಂಧವಿದೆಯೆಂದು ಆತನು ಊಹಿಸುವುದಾದರೂ ಹೇಗೆ? ಒಂದೇ ತಾಯಿಯ ಇಬ್ಬರು ಗಂಡುಮಕ್ಕಳು ಎರಡು ಊರುಗಳ ಎರಡು ಆಸ್ಪತ್ರೆಗಳಲ್ಲಿ ತೀರಿಕೊಂಡರೆ ಅವು ಎರಡು ಪುಸ್ತಕಗಳಲ್ಲಿ ಎರಡು ನ್ಯುಮೋನಿಯಗಳಾಗಿ ಉಳಿಯುತ್ತವೆ. ಅವೆರಡನ್ನೂ ಒಂದೇ ಹಾಳೆಯ ಮೇಲೆ ಬರೆದಾಗ ಮಾತ್ರ ಅದೊಂದು ವಂಶರೋಗವಾಗಿ ಕಣ್ಣಿಗೆ ಬೀಳುತ್ತದೆ. ಈ ಒಂದು ಹಾಳೆಯನ್ನು ಒದಗಿಸಿಕೊಳ್ಳುವ ಪ್ರಯತ್ನವೇ ನಮ್ಮ ಚರಿತ್ರೆಯ ವಸ್ತು.

೨

ಮೊದಲ ವರದಿಗಳು ಒಂಟಿ ವರದಿಗಳಾಗಿದ್ದುವು. ಮ್ಯೂನಿಕ್ ನಗರದ ಆಲ್ಫ್ರೆಡ್ ವಿಸ್ಕಾಟ್ ಎಂಬ ಶಿಶುವೈದ್ಯನು ೧೯೩೭ರಲ್ಲಿ ಒಂದು ಕುಟುಂಬದ ಮೂವರು ಸಹೋದರರನ್ನು ವರ್ಣಿಸಿದನು. ರಕ್ತಸ್ರಾವ, ಇಸುಬು, ಕಿವಿಯ ಸೋರಿಕೆ ಇವು ಮೂವರಲ್ಲಿಯೂ ಇದ್ದುವು. ಅವರ ಸಹೋದರಿಯರಿಗೆ ಏನೂ ಆಗಿರಲಿಲ್ಲ. ಈ ವರದಿ ಜರ್ಮನ್ ಭಾಷೆಯಲ್ಲಿ ಪ್ರಕಟವಾಗಿ, ಯುದ್ಧದ ವರ್ಷಗಳಲ್ಲಿ ಮರೆಯಾಯಿತು. ಹದಿನೇಳು ವರ್ಷಗಳ ತರುವಾಯ, ೧೯೫೪ರಲ್ಲಿ, ಅಮೆರಿಕದ ಮಿನೆಸೋಟ ಪ್ರಾಂತದಲ್ಲಿ ರಾಬರ್ಟ್ ಆಲ್ಡ್ರಿಚ್ ಮತ್ತು ಆತನ ಸಂಗಡಿಗರು ಡಚ್ ಮೂಲದ ಕುಟುಂಬವೊಂದರ ವಂಶವೃಕ್ಷವನ್ನು ರಚಿಸಿ, ಹಲವು ತಲೆಮಾರುಗಳಿಂದ ಅಲ್ಲಿ ಗಂಡುಶಿಶುಗಳು ಅದೇ ಲಕ್ಷಣಗಳಿಂದ ಸಾಯುತ್ತಿದ್ದರೆಂಬುದನ್ನೂ, ದೋಷವು ತಾಯಂದಿರ ಮೂಲಕ ಹರಿದು ಬರುತ್ತದೆಂಬುದನ್ನೂ ತೋರಿಸಿದರು. ಇಂದು ಈ ರೋಗಕ್ಕೆ ಇಬ್ಬರ ಹೆಸರೂ ಸೇರಿಕೊಂಡಿದೆ. ಆ ಎರಡು ಹೆಸರುಗಳ ನಡುವಣ ಪುಟ್ಟ ಗೆರೆಯಲ್ಲಿ ಹದಿನೇಳು ವರ್ಷಗಳೂ ಒಂದು ಸಾಗರವೂ ಅಡಗಿವೆಯೆಂಬುದನ್ನು ಓದುಗರು ಮರೆಯಲಾಗದು.

ಇದೇ ರೀತಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಗ್ಲಾಂಜ್‌ಮನ್ ಮತ್ತು ರಿನಿಕರ್ ಎಂಬುವರು ೧೯೫೦ರಲ್ಲಿ, ಲಿಂಫೋಸೈಟುಗಳು ಕ್ಷೀಣಿಸಿ ಮೃತರಾದ ಶಿಶುಗಳನ್ನು ವರ್ಣಿಸಿದರು. ಜೂರಿಚ್ ನಗರದ ಹಿಟ್ಜಿಗ್ ಮತ್ತು ಸಂಗಡಿಗರು ೧೯೫೮ರಲ್ಲಿ ಅಂಥ ಶಿಶುಗಳ ರಕ್ತದಲ್ಲಿ ಪ್ರತಿಕಾಯಗಳೂ ಇಲ್ಲವೆಂದು ತೋರಿಸಿದ ಮೇಲೆ ಈ ವ್ಯಾಧಿಗೆ ‘ಸ್ವಿಸ್ ಮಾದರಿ’ ಎಂಬ ಹೆಸರು ಬಿದ್ದಿತು. ರೋಗಕ್ಕೆ ದೇಶದ ಹೆಸರಿಟ್ಟದ್ದು ಆ ಕಾಲದ ಸ್ಥಿತಿಯನ್ನು ಚೆನ್ನಾಗಿ ಸೂಚಿಸುತ್ತದೆ: ಪ್ರತಿಯೊಂದು ಕೇಂದ್ರವೂ ತಾನು ಕಂಡದ್ದನ್ನು ತನ್ನದೆಂದೇ ತಿಳಿದಿದ್ದಿತು.

ಈ ಒಂಟಿತನಕ್ಕೆ ಮೊದಲ ಗಮನಾರ್ಹ ಅಪವಾದವು ೧೯೫೨ರಲ್ಲಿ ಕಾಣಿಸಿಕೊಂಡಿತು. ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಯ ಶಿಶುವೈದ್ಯನಾದ ಕರ್ನಲ್ ಆಗ್ಡೆನ್ ಬ್ರೂಟನ್ ಎಂಬಾತನು, ನಾಲ್ಕು ವರ್ಷಗಳಲ್ಲಿ ಹತ್ತೊಂಬತ್ತು ಬಾರಿ ರಕ್ತದ ಸೋಂಕಿಗೆ ತುತ್ತಾದ ಎಂಟು ವರ್ಷದ ಬಾಲಕನೊಬ್ಬನ ರಕ್ತವನ್ನು ಎಲೆಕ್ಟ್ರೊಫೊರೆಸಿಸ್ ವಿಧಾನದಿಂದ ಪರೀಕ್ಷಿಸಿದನು. ವಿದ್ಯುತ್ಪ್ರವಾಹದಲ್ಲಿ ರಕ್ತದ್ರವದ ಪ್ರೋಟೀನುಗಳು ಬೇರೆಬೇರೆಯಾಗಿ ಸರಿದಾಗ, ಪ್ರತಿಕಾಯಗಳನ್ನೊಳಗೊಂಡ ಗ್ಯಾಮಾ ಗ್ಲಾಬ್ಯುಲಿನ್ ಇರಬೇಕಾದ ಸ್ಥಳವು ಬರಿದಾಗಿದ್ದಿತು. ಬ್ರೂಟನ್ ಅದನ್ನು ಹೊರಗಿನಿಂದ ಚುಚ್ಚುಮದ್ದಾಗಿ ಕೊಡುತ್ತ ಬಂದನು. ಬಾಲಕನ ಸೋಂಕುಗಳು ನಿಂತುವು. ಇಷ್ಟನ್ನು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಅವುಗಳಲ್ಲಿ ಅನೇಕವು ಹೇಳದಿರುವ ಸಂಗತಿಯೆಂದರೆ, ಅದೇ ವರ್ಷ ಈ ವಿಷಯವನ್ನು ಕುರಿತ ಒಂದು ಸಂಕ್ಷಿಪ್ತ ವರದಿಯು ಬ್ರೂಟನ್ನನ ಹೆಸರಿನ ಜೊತೆಯಲ್ಲಿ ಬಾಸ್ಟನ್ ನಗರದ ಆಪ್ಟ್, ಗಿಟ್ಲಿನ್ ಮತ್ತು ಜೇನ್‌ವೇ ಎಂಬುವರ ಹೆಸರುಗಳನ್ನೂ ಹೊತ್ತು ಪ್ರಕಟವಾಯಿತು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿಯೂ ಅಂಥ ಬಾಲಕರಿದ್ದರು. ಒಬ್ಬನೇ ಬಾಲಕನಿದ್ದಾಗ ಅದೊಂದು ಕೌತುಕ. ಬಾಸ್ಟನ್ನಿನ ಬಾಲಕರನ್ನು ಸೇರಿಸಿಕೊಂಡಾಗ ರೋಗವು ಗಂಡುಮಕ್ಕಳನ್ನೇ ಆರಿಸಿಕೊಳ್ಳುತ್ತದೆಂಬ ನಿಯಮವು ಗೋಚರವಾಯಿತು. ಚಿಕಿತ್ಸೆಗೆ ಬೇಕಾದ ಗ್ಯಾಮಾ ಗ್ಲಾಬ್ಯುಲಿನ್ ಸಹ ಒಬ್ಬನ ಕೊಡುಗೆಯಲ್ಲ. ಯುದ್ಧಕಾಲದಲ್ಲಿ ಹಾರ್ವರ್ಡಿನ ಎಡ್ವಿನ್ ಕಾನ್ ಮತ್ತು ಆತನ ಸಹೋದ್ಯೋಗಿಗಳು ಅಸಂಖ್ಯಾತ ದಾನಿಗಳ ರಕ್ತದ್ರವವನ್ನು ಒಟ್ಟುಗೂಡಿಸಿ ಬೇರ್ಪಡಿಸಲು ಕಂಡುಹಿಡಿದ ಕ್ರಮದ ಫಲ ಅದು.

೩

ರೋಗಿಗಳ ಸಂಖ್ಯೆ ಹೆಚ್ಚಿದಂತೆಲ್ಲ ಎರಡು ತೊಡಕುಗಳು ತಲೆದೋರಿದುವು. ಮೊದಲನೆಯದು ಚಿಕಿತ್ಸೆಯ ಪ್ರಮಾಣದ್ದು. ಗ್ಯಾಮಾ ಗ್ಲಾಬ್ಯುಲಿನ್ ಬೆಲೆಬಾಳುವ ವಸ್ತು. ಎಷ್ಟು ಕೊಟ್ಟರೆ ಸಾಕು ಎಂಬುದನ್ನು ನಾಲ್ಕೈದು ರೋಗಿಗಳ ಅನುಭವದಿಂದ ಹೇಳಲು ಬರುವುದಿಲ್ಲ. ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಪರಿಷತ್ತು ಇದಕ್ಕಾಗಿ ಒಂದು ಕಾರ್ಯಸಮಿತಿಯನ್ನು ನೇಮಿಸಿ, ದೇಶದ ನಾನಾ ಆಸ್ಪತ್ರೆಗಳಲ್ಲಿ ಚದುರಿಹೋಗಿದ್ದ ರೋಗಿಗಳನ್ನು ಒಂದೇ ಕ್ರಮದಲ್ಲಿ ದಾಖಲಿಸಿಕೊಂಡು ವರ್ಷಗಟ್ಟಲೆ ಗಮನಿಸಿತು. ಅದರ ಸಂಗ್ರಹ ವರದಿ ೧೯೬೯ರಲ್ಲಿಯೂ, ಪೂರ್ಣ ವರದಿ ೧೯೭೧ರಲ್ಲಿಯೂ ಹೊರಬಂದುವು. ಇಲ್ಲಿ ಒಬ್ಬ ಮಹಾಪುರುಷನ ಹೆಸರು ಮುಂದೆ ನಿಲ್ಲುವುದಿಲ್ಲ. ಒಂದೇ ನಮೂನೆಯ ಕಾಗದದ ಮೇಲೆ ಒಂದೇ ಬಗೆಯ ಪ್ರಶ್ನೆಗಳಿಗೆ ಉತ್ತರ ಬರೆಯಲು ಒಪ್ಪಿದ ಹತ್ತಾರು ವೈದ್ಯರು ಇದರ ಕರ್ತೃಗಳು. ಆ ಒಪ್ಪಿಗೆಯನ್ನು ಸಣ್ಣದೆಂದು ಭಾವಿಸಲಾಗದು. ತನ್ನ ರೋಗಿಯನ್ನು ತನ್ನ ವಿವೇಚನೆಯಂತೆಯೇ ನೋಡಿಕೊಳ್ಳುವ ಅಭ್ಯಾಸವು ವೈದ್ಯರಲ್ಲಿ ಬಹಳ ಬಲವಾದದ್ದು.

ಎರಡನೆಯ ತೊಡಕು ಹೆಸರುಗಳದು. ಒಂದೇ ರೋಗಕ್ಕೆ ಮೂರು ಹೆಸರು, ಮೂರು ರೋಗಗಳಿಗೆ ಒಂದೇ ಹೆಸರು ಎಂಬಂತಾಗಿದ್ದಿತು. ಅಮೆರಿಕದ ಫ್ಲಾರಿಡ ಪ್ರಾಂತದ ಸ್ಯಾನಿಬೆಲ್ ದ್ವೀಪದಲ್ಲಿ ೧೯೬೭ರಲ್ಲಿ ನಡೆದ ವಿದ್ವದ್ಗೋಷ್ಠಿಯಲ್ಲಿ ಈ ರೋಗಗಳನ್ನು ಒಟ್ಟಾಗಿ ಪರಿಶೀಲಿಸಲಾಯಿತು. ಬಳಿಕ ವಿಶ್ವ ಆರೋಗ್ಯ ಸಂಸ್ಥೆಯ ಸಮಿತಿಯೊಂದು ೧೯೭೦ರಲ್ಲಿ ಸೇರಿ ಒಂದು ವರ್ಗೀಕರಣವನ್ನು ಸಿದ್ಧಪಡಿಸಿತು. ಅದು ಮರುವರ್ಷ ಪ್ರಕಟವಾಯಿತು. ಅಂದು ಹತ್ತಾರು ರೋಗಗಳಿಂದ ಆರಂಭವಾದ ಆ ಪಟ್ಟಿಯನ್ನು ತರುವಾಯ ರೋಗರಕ್ಷಾಶಾಸ್ತ್ರ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವು ವಹಿಸಿಕೊಂಡು ಕಾಲಕಾಲಕ್ಕೆ ಪರಿಷ್ಕರಿಸುತ್ತ ಬಂದಿದೆ. ೨೦೨೨ರಲ್ಲಿ ಪ್ರಕಟವಾದ ಪರಿಷ್ಕರಣದಲ್ಲಿ ರೋಗಗಳ ಸಂಖ್ಯೆ ೪೮೫. ವರ್ಗೀಕರಣವೆಂಬುದು ಮೇಲುನೋಟಕ್ಕೆ ಗುಮಾಸ್ತರ ಕೆಲಸದಂತೆ ತೋರಬಹುದು. ವಾಸ್ತವವಾಗಿ ಅದೊಂದು ಒಡಂಬಡಿಕೆ. ಜೂರಿಚ್‌ನಲ್ಲಿ ಬರೆದ ಹೆಸರನ್ನು ಚಂಡೀಗಢದಲ್ಲಿ ಓದಿದವನು ಅದೇ ರೋಗವನ್ನು ಮನಸ್ಸಿಗೆ ತಂದುಕೊಳ್ಳಬಲ್ಲನೆಂಬ ಭರವಸೆಯಿಲ್ಲದೆ ಆಸ್ಪತ್ರೆಗಳ ನಡುವೆ ಮಾತುಕತೆಯೇ ಅಸಾಧ್ಯ.

೪

ಪ್ರತಿಕಾಯಗಳಿಲ್ಲದವರಿಗೆ ಅವನ್ನು ಹೊರಗಿನಿಂದ ಕೊಡಬಹುದು. ರಕ್ಷಕ ಕಣಗಳೇ ಇಲ್ಲದ ಶಿಶುವಿಗೆ ಆ ಕಣಗಳ ತವರಾದ ಅಸ್ಥಿಮಜ್ಜೆಯನ್ನು ಇನ್ನೊಬ್ಬರಿಂದ ತಂದು ಕೊಡಬೇಕು. ಮತ್ತು ಕೊಡುವವರ ಅಂಗಾಂಶದ ಗುರುತುಗಳು ಪಡೆಯುವವರ ಗುರುತುಗಳಿಗೆ ಹೊಂದಬೇಕು. ಈ ಗುರುತುಗಳನ್ನು ಅರಿಯುವ ವಿದ್ಯೆಯು ಸಹಕಾರದಿಂದಲೇ ಹುಟ್ಟಿತೆಂದರೆ ಉತ್ಪ್ರೇಕ್ಷೆಯಾಗಲಾರದು. ಪ್ಯಾರಿಸಿನ ಜೀನ್ ಡೋಸೆ ೧೯೫೮ರಲ್ಲಿ ಮೊದಲ ಗುರುತನ್ನು ವರ್ಣಿಸಿದ ಮೇಲೆ, ಒಬ್ಬೊಬ್ಬ ಸಂಶೋಧಕನೂ ತನ್ನ ಬಳಿಯಿದ್ದ ರಕ್ತದ್ರವಗಳಿಂದ ತನ್ನದೇ ಆದ ಗುರುತುಗಳನ್ನು ಹೆಸರಿಸತೊಡಗಿದನು. ಇವುಗಳಲ್ಲಿ ಯಾವುದು ಯಾವುದಕ್ಕೆ ಸಮಾನವೆಂದು ತಿಳಿಯುವುದಕ್ಕಾಗಿ ೧೯೬೪ರಲ್ಲಿ ಅಮೆರಿಕದ ಡರ್ಹಮ್‌ನಲ್ಲಿ ಬರ್ನಾರ್ಡ್ ಏಮಾಸ್, ೧೯೬೫ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ವಾನ್ ರೂಡ್, ೧೯೬೭ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಚೆಪೆಲ್ಲೀನಿ ಎಂಬುವರು ಕಾರ್ಯಾಗಾರಗಳನ್ನು ಏರ್ಪಡಿಸಿ, ಎಲ್ಲ ಪ್ರಯೋಗಶಾಲೆಗಳ ಪದ್ಧತಿಗಳನ್ನೂ ದ್ರವಗಳನ್ನೂ ಒಂದೆಡೆ ಹೋಲಿಸಿದರು.

ಈ ಸಿದ್ಧತೆಯ ಫಲವು ೧೯೬೮ರಲ್ಲಿ ಕೈಗೆ ಬಂದಿತು. ಮಿನಿಯಾಪೊಲಿಸ್ ನಗರದಲ್ಲಿ ರಾಬರ್ಟ್ ಗುಡ್ ಮತ್ತು ಸಂಗಡಿಗರು, ತಾಯಿಯ ಕಡೆಯ ವಂಶದಲ್ಲಿ ಹಲವು ಗಂಡುಶಿಶುಗಳನ್ನು ಕಳೆದುಕೊಂಡಿದ್ದ ಕುಟುಂಬದ ಐದು ತಿಂಗಳ ಮಗುವಿಗೆ ಅದರ ಅಕ್ಕನ ಮಜ್ಜೆಯನ್ನು ಕೊಟ್ಟು ಬದುಕಿಸಿದರು. ಅದೇ ವರ್ಷ ವಿಸ್ಕಾನ್ಸಿನ್ ಪ್ರಾಂತದಲ್ಲಿ ಫ್ರಿಟ್ಸ್ ಬಾಕ್ ಮತ್ತು ಸಂಗಡಿಗರು ವಿಸ್ಕಾಟ್–ಆಲ್ಡ್ರಿಚ್ ರೋಗದ ಬಾಲಕನಿಗೂ, ಲೈಡನ್‌ನಲ್ಲಿ ಡಚ್ ವೈದ್ಯರು ಇನ್ನೊಂದು ಶಿಶುವಿಗೂ ಇದೇ ಚಿಕಿತ್ಸೆಯನ್ನು ಕೈಗೊಂಡರು.

ಆದರೆ ಅಕ್ಕತಂಗಿ ಅಣ್ಣತಮ್ಮಂದಿರಲ್ಲಿ ಒಬ್ಬೊಬ್ಬರೂ ಹೊಂದುವ ಸಂಭವವು ನಾಲ್ಕರಲ್ಲಿ ಒಂದು ಮಾತ್ರ. ಹೊಂದದಿದ್ದವರ ಗತಿಯೇನು? ೧೯೭೩ರಲ್ಲಿ ನ್ಯೂಯಾರ್ಕಿನಲ್ಲಿದ್ದ ಶಿಶುವೊಂದಕ್ಕೆ ಬಂಧುಗಳಲ್ಲಿ ದಾನಿ ದೊರೆಯದೆ, ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ರಕ್ತನಿಧಿಯ ಮೂಲಕ ಪತ್ತೆಯಾದ ಸಂಬಂಧವಿಲ್ಲದ ದಾನಿಯೊಬ್ಬರಿಂದ ಮಜ್ಜೆಯನ್ನು ತರಿಸಬೇಕಾಯಿತು. ಒಂದಲ್ಲ, ಹಲವು ಬಾರಿ. ಲಂಡನ್ನಿನಲ್ಲಿ ಶರ್ಲಿ ನೋಲನ್ ಎಂಬ ತಾಯಿಯು, ವಿಸ್ಕಾಟ್–ಆಲ್ಡ್ರಿಚ್ ರೋಗವಿದ್ದ ತನ್ನ ಮಗ ಆಂಟನಿಗಾಗಿ ೧೯೭೪ರಲ್ಲಿ ದಾನಿಗಳ ರಿಜಿಸ್ಟರೊಂದನ್ನು ಸ್ಥಾಪಿಸಿದಳು. ಹೊಂದುವ ದಾನಿ ದೊರೆಯದೆ ಮಗುವು ೧೯೭೯ರಲ್ಲಿ ತೀರಿಕೊಂಡಿತು. ರಿಜಿಸ್ಟರು ಉಳಿಯಿತು. ಇಂದು ಜಗತ್ತಿನ ನಾನಾ ದೇಶಗಳ ಇಂಥ ರಿಜಿಸ್ಟರುಗಳಲ್ಲಿ ಸ್ವಯಂಸೇವಕರಾಗಿ ಹೆಸರು ಬರೆಸಿದವರ ಸಂಖ್ಯೆ ನಾಲ್ಕು ಕೋಟಿಯನ್ನು ದಾಟಿದೆ. ಒಂದು ಮಗುವಿಗಾಗಿ ಆರಂಭಿಸಿದ ಪಟ್ಟಿ ಆ ಮಗುವಿಗೆ ಉಪಯೋಗವಾಗದೆ ಹೋದರೂ ಇತರರ ಪಾಲಿನ ಆಸ್ತಿಯಾದುದು ನಮ್ಮ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುವ ಸಂಗತಿ.

೫

ಕಾರಣಗಳ ಶೋಧದಲ್ಲಿಯೂ ಇದೇ ಕ್ರಮವನ್ನು ಕಾಣುತ್ತೇವೆ. ಇದಕ್ಕೆ ೧೯೭೨ರ ಒಂದು ಪ್ರಸಂಗ ಸಾಕು. ನ್ಯೂಯಾರ್ಕ್ ಪ್ರಾಂತದ ಆಲ್ಬನಿ ನಗರದಲ್ಲಿ ಹಿಲೇರ್ ಮ್ಯೂವಿಸನ್ ಎಂಬ ವೈದ್ಯನು, ಮಜ್ಜೆಯ ಚಿಕಿತ್ಸೆಗೆ ಸಿದ್ಧಗೊಳ್ಳುತ್ತಿದ್ದ ಮಗುವೊಂದರ ರಕ್ತದ ಮಾದರಿಯನ್ನು ಖಂಡದ ಇನ್ನೊಂದು ತುದಿಯಲ್ಲಿರುವ ಸಿಯಾಟಲ್ ನಗರದ ರಕ್ತನಿಧಿಗೆ ಕಳುಹಿಸಿದನು. ಅಲ್ಲಿನ ಎಲಾಯಿಸ್ ಗಿಬ್ಲೆಟ್ ಎಂಬಾಕೆ ರಕ್ತಕಣಗಳ ಆನುವಂಶಿಕ ಗುರುತುಗಳಲ್ಲಿ ಪರಿಣತೆ. ಕೇಳಿದ್ದು, ದಾನಿಯ ಕಣಗಳನ್ನು ಮಗುವಿನ ಕಣಗಳಿಂದ ಬೇರೆಯಾಗಿ ಗುರುತಿಸಲು ಯಾವ ಲಕ್ಷಣ ಸಹಾಯಕವಾದೀತು ಎಂದು. ಹೀಗೆ ಒಂದೊಂದಾಗಿ ಪರೀಕ್ಷಿಸುತ್ತಿದ್ದ ಗುರುತುಗಳಲ್ಲಿ ಅಡಿನೋಸೀನ್ ಡಿಅಮಿನೇಸ್ ಎಂಬ ಕಿಣ್ವವೂ ಒಂದು. ಆ ಮಗುವಿನ ರಕ್ತದಲ್ಲಿ ಅದು ಇರಲೇ ಇಲ್ಲ. ಇನ್ನೊಂದು ರೋಗಗ್ರಸ್ತ ಮಗುವಿನ ರಕ್ತದಲ್ಲಿಯೂ ಇರಲಿಲ್ಲವೆಂದು ಕಂಡುಬಂದಾಗ, ರಕ್ಷಾವೈಕಲ್ಯವೊಂದರ ರಾಸಾಯನಿಕ ಕಾರಣವು ಪ್ರಥಮ ಬಾರಿಗೆ ಮನುಷ್ಯರಿಗೆ ಗೋಚರವಾಯಿತು. ಆಲ್ಬನಿಯವರ ಬಳಿ ಮಗುವಿದ್ದಿತು, ಆ ಪರೀಕ್ಷೆಯಿರಲಿಲ್ಲ. ಸಿಯಾಟಲಿನವರ ಬಳಿ ಪರೀಕ್ಷೆಯಿದ್ದಿತು, ಮಗುವಿರಲಿಲ್ಲ. ಅವೆರಡನ್ನೂ ಕೂಡಿಸಿದ್ದು ಅಂಚೆ. ಇದೇ ಕಿಣ್ವದ ಕೊರತೆಯಿದ್ದ ಮಗುವಿಗೆ ೧೯೯೦ರ ಸೆಪ್ಟೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಮೊತ್ತಮೊದಲ ಜೀನ್ ಚಿಕಿತ್ಸೆಯನ್ನು ಪ್ರಯೋಗಿಸಲಾಯಿತು.

ಎಲ್ಲವೂ ಸೌಹಾರ್ದದಿಂದಲೇ ನಡೆಯಿತೆಂದು ಚಿತ್ರಿಸುವುದು ಚರಿತ್ರಕಾರನ ಧರ್ಮವಲ್ಲ. ಬ್ರೂಟನ್ನನ ಬಾಲಕನಲ್ಲಿ ಕಂಡ ರೋಗದ ಜೀನನ್ನು ೧೯೯೩ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ ಕಂಡುಹಿಡಿದುವು: ಲಂಡನ್ ಮತ್ತು ಸ್ಟಾಕ್‌ಹೋಮ್ ನಗರಗಳವರು ಕೂಡಿದ ಒಂದು ತಂಡ, ಲಾಸ್ ಏಂಜಲಿಸಿನವರ ಇನ್ನೊಂದು. ಪ್ರಥಮ ಸ್ಥಾನಕ್ಕಾಗಿ ಓಟವು ಎಲ್ಲ ಶಾಸ್ತ್ರಗಳಲ್ಲಿಯೂ ಇದ್ದದ್ದೇ. ಆದರೆ ಜೀನು ತಿಳಿದ ಕೂಡಲೇ, ಅದರಲ್ಲಿ ಬೇರೆ ಬೇರೆ ಕುಟುಂಬಗಳಲ್ಲಿ ಕಂಡುಬರುವ ದೋಷಗಳನ್ನೆಲ್ಲ ಒಂದೆಡೆ ಸಂಗ್ರಹಿಸುವ ಅಂತರರಾಷ್ಟ್ರೀಯ ಸಂಚಯವು ಎರಡೇ ವರ್ಷಗಳಲ್ಲಿ ಸಿದ್ಧವಾಯಿತು. ರಕ್ಷಾವೈಕಲ್ಯಗಳ ಯೂರೋಪಿಯನ್ ಸಂಘವು ವಿಧಿಪೂರ್ವಕವಾಗಿ ಸ್ಥಾಪಿತವಾದದ್ದೂ ೧೯೯೪ರಲ್ಲಿಯೇ.

ಸಹಕಾರದ ನಿಜವಾದ ಪರೀಕ್ಷೆ ಸೋಲಿನ ಕಾಲದಲ್ಲಿ ಆಗತಕ್ಕದ್ದು. ಪ್ಯಾರಿಸಿನ ನೆಕ್ಕರ್ ಆಸ್ಪತ್ರೆಯ ವೈದ್ಯರು ತೀವ್ರ ಸಂಯುಕ್ತ ರಕ್ಷಾವೈಕಲ್ಯದ ಒಂದು ಬಗೆಗೆ ಜೀನ್ ಚಿಕಿತ್ಸೆ ನಡೆಸಿ ೨೦೦೦ದಲ್ಲಿ ಯಶಸ್ಸನ್ನು ವರದಿ ಮಾಡಿದರು. ಎರಡು ವರ್ಷಗಳ ತರುವಾಯ ಹಾಗೆ ಗುಣಹೊಂದಿದ ಮಗುವೊಂದಕ್ಕೆ ರಕ್ತದ ಕ್ಯಾನ್ಸರು ತಗಲಿತು. ವೈದ್ಯರು ಅದನ್ನು ಮುಚ್ಚಿಡಲಿಲ್ಲ. ಪ್ರಯೋಗವನ್ನು ನಿಲ್ಲಿಸಿ ಜಗತ್ತಿಗೆ ತಿಳಿಸಿದರು. ಇತರ ಕಡೆಗಳಲ್ಲಿಯೂ ಪ್ರಯೋಗಗಳು ಪುನಃಪರಿಶೀಲನೆಗೆ ನಿಂತುವು. ೨೦೦೮ರ ವೇಳೆಗೆ ಪ್ಯಾರಿಸಿನಲ್ಲಿ ನಾಲ್ವರಿಗೂ, ಲಂಡನ್ನಿನಲ್ಲಿ ನಡೆದ ಅಂಥದೇ ಪ್ರಯೋಗದಲ್ಲಿ ಒಬ್ಬನಿಗೂ ಕ್ಯಾನ್ಸರು ಕಾಣಿಸಿಕೊಂಡ ವಿವರಗಳನ್ನು ಎರಡು ತಂಡಗಳೂ ಒಂದೇ ಪತ್ರಿಕೆಯಲ್ಲಿ ಪ್ರಕಟಿಸಿದುವು. ಮುಂದಿನ ಪ್ರಯೋಗಗಳಲ್ಲಿ ಜೀನನ್ನು ಒಯ್ಯುವ ವಾಹಕವನ್ನು ಹೆಚ್ಚು ಸುರಕ್ಷಿತವಾಗಿ ರಚಿಸಿದ್ದು ಈ ಬಹಿರಂಗ ಲೆಕ್ಕದ ಆಧಾರದ ಮೇಲೆಯೇ.

೬

ಪಟ್ಟಿಗಳು ಬೆಳೆದಾಗ ಅವು ಒಂಟಿ ಆಸ್ಪತ್ರೆಗೆ ಎಂದೂ ಕಾಣದಿದ್ದ ಸತ್ಯಗಳನ್ನು ಹೇಳತೊಡಗಿದುವು. ಯೂರೋಪಿನ ೧೮ ದೇಶಗಳ ೩೭ ಕೇಂದ್ರಗಳು ೧೯೬೮ರಿಂದ ೧೯೯೯ರವರೆಗಿನ ತಮ್ಮ ಅನುಭವವನ್ನು ಕ್ರೋಢೀಕರಿಸಿ ೨೦೦೩ರಲ್ಲಿ ವರದಿ ಮಾಡಿದುವು: ೯೧೯ ರೋಗಿಗಳು, ೧,೦೮೨ ಕಸಿಗಳು. ಮೂವತ್ತು ವರ್ಷಗಳಲ್ಲಿ ಒಂದು ಇಡೀ ಖಂಡದ ಲೆಕ್ಕ ಇಷ್ಟು! ಒಂದೊಂದು ಕೇಂದ್ರಕ್ಕೆ ವರ್ಷಕ್ಕೆ ಸರಾಸರಿ ಒಂದು ಕಸಿಯೂ ಬೀಳುವುದಿಲ್ಲ.

ಇದಕ್ಕಿಂತಲೂ ಮಾರ್ಮಿಕವಾದುದು ೨೦೧೪ರಲ್ಲಿ ಉತ್ತರ ಅಮೆರಿಕದಿಂದ ಬಂದ ವರದಿ. ಅಲ್ಲಿನ ೨೫ ಕೇಂದ್ರಗಳು ೨೦೦೦ದಿಂದ ೨೦೦೯ರವರೆಗೆ ಕಸಿ ಮಾಡಿಸಿಕೊಂಡ ೨೪೦ ಶಿಶುಗಳ ವೃತ್ತಾಂತವನ್ನು ಒಟ್ಟುಗೂಡಿಸಿದುವು. ಮೂರೂವರೆ ತಿಂಗಳು ತುಂಬುವ ಮೊದಲೇ ಕಸಿಯಾದವರಲ್ಲಿ ಐದು ವರ್ಷಗಳ ಅನಂತರ ಬದುಕಿದ್ದವರು ನೂರಕ್ಕೆ ೯೪. ಅದಕ್ಕಿಂತ ದೊಡ್ಡವರಲ್ಲಿ ಸೋಂಕೇ ತಗಲದಿದ್ದವರು ನೂರಕ್ಕೆ ೯೦, ಸೋಂಕು ತಗಲಿ ವಾಸಿಯಾಗಿದ್ದವರು ೮೨, ಸೋಂಕಿನಲ್ಲಿ ನರಳುತ್ತಿದ್ದಾಗಲೇ ಕಸಿಯಾದವರು ೫೦ ಬದುಕಿದರು. ರೋಗವನ್ನು ಸೋಂಕು ತಗಲುವ ಮೊದಲೇ ಗುರುತಿಸಬೇಕೆಂಬ ನಿರ್ಣಯಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ಬೇಕಿಲ್ಲ.

ಹಾಗೆ ಗುರುತಿಸುವ ಉಪಾಯವೂ ಆ ವೇಳೆಗೆ ಕೈಸೇರಿದ್ದಿತು. ಎದೆಗೂಡಿನಲ್ಲಿರುವ ಥೈಮಸ್ ಗ್ರಂಥಿಯಲ್ಲಿ ಲಿಂಫೋಸೈಟುಗಳು ಪಕ್ವವಾಗುವಾಗ ಅವುಗಳ ಡಿಎನ್ಎಯಿಂದ ಚಿಕ್ಕ ಬಳೆಯಂಥ ತುಣುಕು ಕತ್ತರಿಸಿಹೋಗಿ ಕಣದೊಳಗೇ ಉಳಿಯುತ್ತದೆ. ಈ ಬಳೆಗಳು ಇಲ್ಲವೆಂದರೆ ಕಣಗಳು ಪಕ್ವವಾಗುತ್ತಿಲ್ಲವೆಂದು ಅರ್ಥ. ಶಿಶುವಿನ ಹಿಮ್ಮಡಿಯಿಂದ ತೆಗೆದು ಕಾಗದದ ಮೇಲೆ ಒಣಗಿಸಿದ ರಕ್ತದ ತೊಟ್ಟಿನಲ್ಲಿಯೇ ಇವನ್ನು ಎಣಿಸಬಹುದೆಂದು ಚಾನ್ ಮತ್ತು ಪಕ್ ಎಂಬ ಸಂಶೋಧಕರು ೨೦೦೫ರಲ್ಲಿ ತೋರಿಸಿದರು. ವಿಸ್ಕಾನ್ಸಿನ್ ಪ್ರಾಂತವು ೨೦೦೮ರಲ್ಲಿ ಎಲ್ಲ ನವಜಾತರಿಗೂ ಈ ಪರೀಕ್ಷೆಯನ್ನು ಆರಂಭಿಸಿತು. ೨೦೧೮ರ ಕೊನೆಯ ವೇಳೆಗೆ ಅಮೆರಿಕದ ಐವತ್ತು ಪ್ರಾಂತಗಳಲ್ಲಿಯೂ ಅದು ಜಾರಿಗೆ ಬಂದಿತು.

೭

ಈ ಚರಿತ್ರೆಗೂ ನಮ್ಮ ನಾಡಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧಗಳು ಎರಡು.

ಒಂದನೆಯದು, ಕಾಗದದ ಮೇಲೆ ಒಣಗಿಸಿದ ರಕ್ತದ ತೊಟ್ಟು ಕರ್ಣಾಟಕಕ್ಕೆ ಹೊಸದಲ್ಲ. ೧೯೮೦ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಶಾಸ್ತ್ರಜ್ಞರಾದ ಎನ್. ಅಪ್ಪಾಜಿರಾವ್ ಮತ್ತು ಅವರ ಸಂಗಡಿಗರು ರಾಜ್ಯದ ಹೆರಿಗೆ ಆಸ್ಪತ್ರೆಗಳ ನೆರವಿನಿಂದ ಲಕ್ಷಕ್ಕೂ ಮಿಕ್ಕ ನವಜಾತರ ರಕ್ತವನ್ನು ಪರೀಕ್ಷಿಸಿ, ಅಮೈನೋ ಆಮ್ಲಗಳಿಗೆ ಸಂಬಂಧಿಸಿದ ಆನುವಂಶಿಕ ರೋಗಗಳನ್ನು ಹುಡುಕಿದರು. ಅದರ ಫಲಿತಾಂಶ ೧೯೮೮ರಲ್ಲಿ ಪ್ರಕಟವಾಯಿತು. ಇದರ ಜೊತೆಯಲ್ಲಿಯೇ ತಂದೆತಾಯಿಗಳ ರಕ್ತಸಂಬಂಧವನ್ನೂ ಅವರು ದಾಖಲಿಸಿದರು. ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ವರಿಸುವ ಪದ್ಧತಿಯುಳ್ಳ ನಮ್ಮಲ್ಲಿ, ಸುಮಾರು ಮೂರರಲ್ಲೊಂದು ಭಾಗ ವಿವಾಹಗಳು ರಕ್ತಸಂಬಂಧದವೆಂದು ಕಂಡುಬಂದಿತು. ತಂದೆ ಮತ್ತು ತಾಯಿ ಇಬ್ಬರಿಂದಲೂ ಒಂದೇ ದೋಷಯುಕ್ತ ಜೀನು ಬಂದಾಗ ಮಾತ್ರ ತಲೆದೋರುವ ರೋಗಗಳು ಇಂಥ ಕುಟುಂಬಗಳಲ್ಲಿ ಹೆಚ್ಚು; ರಕ್ಷಾವೈಕಲ್ಯಗಳಲ್ಲಿ ಅನೇಕವು ಈ ವರ್ಗಕ್ಕೆ ಸೇರಿದುವು. ಆದ್ದರಿಂದ ಪಾಶ್ಚಾತ್ಯರ ೫೮,೦೦೦ಕ್ಕೆ ಒಂದೆಂಬ ಲೆಕ್ಕವನ್ನು ಹಾಗೆಯೇ ಎತ್ತಿ ತಂದು ನಮ್ಮಲ್ಲಿಗೆ ಅನ್ವಯಿಸುವುದು ಯುಕ್ತವಲ್ಲ.

ಎರಡನೆಯದು, ಭಾರತದಲ್ಲಿಯೂ ಸಹಕಾರದ ಕಾರ್ಯವು ಆರಂಭವಾಗಿ ಮುಂದುವರಿದಿದೆ. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆ ಮತ್ತು ಮುಂಬಯಿಯ ರಾಷ್ಟ್ರೀಯ ರೋಗರಕ್ಷಾ–ರಕ್ತಶಾಸ್ತ್ರ ಸಂಸ್ಥೆಗಳು ದೇಶದ ನಾನಾ ಕಡೆಗಳಿಂದ ಬರುವ ಮಾದರಿಗಳನ್ನು ಪರೀಕ್ಷಿಸಿ ಕೊಡುತ್ತ ಬಂದಿವೆ. ಬೆಂಗಳೂರಿನವರೂ ಸೇರಿದಂತೆ ಹಲವು ನಗರಗಳ ವೈದ್ಯರು ತೀವ್ರ ಸಂಯುಕ್ತ ರಕ್ಷಾವೈಕಲ್ಯದ ತಮ್ಮ ರೋಗಿಗಳನ್ನು ಒಂದೇ ವರದಿಯಲ್ಲಿ ಸೇರಿಸಿ ೨೦೨೧ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಹುಟ್ಟಿದೊಡನೆ ಎಲ್ಲ ಶಿಶುಗಳಿಗೂ ಕೊಡುವ ಕ್ಷಯದ ಲಸಿಕೆಯಲ್ಲಿ ಜೀವಂತ ರೋಗಾಣುವಿರುತ್ತದೆ. ಆರೋಗ್ಯವಂತ ಶಿಶುವಿಗೆ ರಕ್ಷೆಯಾದ ಅದೇ ಲಸಿಕೆಯು ರಕ್ಷಕ ಕಣಗಳಿಲ್ಲದ ಶಿಶುವಿನಲ್ಲಿ ಮೈಯೆಲ್ಲ ಹರಡಬಹುದು. ಆ ಲಸಿಕೆಯನ್ನು ಕೊಡದ ದೇಶಗಳ ಪಠ್ಯಪುಸ್ತಕಗಳಿಂದ ಈ ಅಪಾಯದ ಪ್ರಮಾಣ ತಿಳಿಯದು. ಅದನ್ನು ನಮ್ಮ ಆಸ್ಪತ್ರೆಗಳ ದಾಖಲೆಗಳೇ ಹೇಳಬೇಕು. ಭಾರತ ಸರ್ಕಾರವು ೨೦೨೧ರ ಮಾರ್ಚಿಯಲ್ಲಿ ಪ್ರಕಟಿಸಿದ ವಿರಳ ರೋಗಗಳ ರಾಷ್ಟ್ರೀಯ ನೀತಿಯಲ್ಲಿ, ಕಸಿಯಿಂದ ಗುಣವಾಗತಕ್ಕ ರೋಗಗಳ ವರ್ಗಕ್ಕೆ ತೀವ್ರ ಸಂಯುಕ್ತ ರಕ್ಷಾವೈಕಲ್ಯವನ್ನೂ ವಿಸ್ಕಾಟ್–ಆಲ್ಡ್ರಿಚ್ ರೋಗವನ್ನೂ ಸೇರಿಸಲಾಯಿತು. ಅಂದು ಹೆಸರಿಸಿದ ಎಂಟು ಉತ್ಕೃಷ್ಟ ಕೇಂದ್ರಗಳಲ್ಲಿ, ಇಂದಿರಾ ಗಾಂಧಿ ಆಸ್ಪತ್ರೆಯೊಡಗೂಡಿದ ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರವೂ ಒಂದು. ಮೊದಲು ಇಪ್ಪತ್ತು ಲಕ್ಷ ರೂಪಾಯಿಗಳಿದ್ದ ನೆರವಿನ ಮಿತಿಯನ್ನು ೨೦೨೨ರಲ್ಲಿ ಐವತ್ತು ಲಕ್ಷಕ್ಕೆ ಏರಿಸಲಾಯಿತು.

ಆದರೆ ನೆರವು ದೊರೆಯುವುದು ಗುರುತಿಸಲ್ಪಟ್ಟ ರೋಗಿಗೆ. ಗುರುತಿಸಲ್ಪಡದೆ ಸತ್ತವನಿಗೆ ಯಾವ ನೀತಿಯೂ ಇಲ್ಲ. ತಾಲ್ಲೂಕು ಆಸ್ಪತ್ರೆಯ ಮರಣದ ಪುಸ್ತಕದಲ್ಲಿ ‘ನ್ಯುಮೋನಿಯ, ಗಂಡು, ಏಳು ತಿಂಗಳು’ ಎಂದಷ್ಟೇ ಬರೆದಿರುವಲ್ಲಿ, ಅದೇ ತಾಯಿಯ ಹಿಂದಿನ ಮಗುವೂ ಹಾಗೆಯೇ ತೀರಿಕೊಂಡಿದ್ದಿತೇ ಎಂಬ ಒಂದು ಪ್ರಶ್ನೆಗೆ ಒಂದು ಅಂಕಣವನ್ನು ಕೂಡಿಸಿದರೆ, ಆಲ್ಡ್ರಿಚ್ ೧೯೫೪ರಲ್ಲಿ ವಂಶವೃಕ್ಷದಿಂದ ಸಾಧಿಸಿದ್ದನ್ನು ನಮ್ಮ ಗುಮಾಸ್ತನೂ ಸಾಧಿಸಬಲ್ಲನು. ಇದಕ್ಕೆ ದುಬಾರಿಯ ಯಂತ್ರಗಳು ಬೇಕಾಗಿಲ್ಲ.

ಚರಿತ್ರೆಯ ಅಭ್ಯಾಸಿಗಳಾದ ನಮಗೂ ಇಲ್ಲಿ ಒಂದು ಕರ್ತವ್ಯವಿದೆ. ಶಾಸನಗಳನ್ನೂ ಕಡತಗಳನ್ನೂ ಸಂಗ್ರಹಿಸುವ ನಾವು ಆಸ್ಪತ್ರೆಗಳ ಹಳೆಯ ದಾಖಲೆಗಳನ್ನು ಚರಿತ್ರೆಯ ಆಕರಗಳೆಂದು ಪರಿಗಣಿಸಿರುವುದು ಅಪರೂಪ. ಜಾಗವಿಲ್ಲವೆಂದು ಅವನ್ನು ವಿಲೇವಾರಿ ಮಾಡಿದಾಗ ನಷ್ಟವಾಗುವುದು ಹಳೆಯ ಕಾಗದ ಮಾತ್ರವಲ್ಲ. ರೋಗಿಗಳ ಹೆಸರುಗಳನ್ನು ಗೋಪ್ಯವಾಗಿರಿಸಿಕೊಂಡು ಆ ಪುಸ್ತಕಗಳನ್ನು ಉಳಿಸುವ, ಅವುಗಳಲ್ಲಿನ ಶಿಶುಮರಣಗಳನ್ನು ಕುಟುಂಬವಾರು ಹೋಲಿಸುವ ಕಾರ್ಯದಲ್ಲಿ ವೈದ್ಯರೂ ಚರಿತ್ರಕಾರರೂ ಕೂಡಿ ದುಡಿಯಬಹುದು. ಆಲ್ಬನಿಯ ವೈದ್ಯನಿಗೆ ಸಿಯಾಟಲಿನ ರಕ್ತನಿಧಿಯು ನೆರವಾದಂತೆ, ಬೇರೆ ಶಾಸ್ತ್ರದವರ ಕೈಯಲ್ಲಿರುವ ಸಾಧನವೊಂದು ಎಲ್ಲಿ ಉಪಯೋಗಕ್ಕೆ ಬಂದೀತೆಂದು ಮೊದಲೇ ಹೇಳಲು ಯಾರಿಗೂ ಸಾಧ್ಯವಿಲ್ಲ. ನಮ್ಮ ವಿಶ್ವವಿದ್ಯಾನಿಲಯದ ವಿಭಾಗಗಳು ಈ ದಿಸೆಯಲ್ಲಿ ಜಿಲ್ಲೆಗೊಂದು ಆಸ್ಪತ್ರೆಯ ದಾಖಲೆಗಳನ್ನಾದರೂ ಕೈಗೆತ್ತಿಕೊಳ್ಳಲೆಂದು ನಾವು ಸೂಚಿಸುತ್ತೇವೆ.